ಹದ್ದಿನ ಕಲ್ಲು ಎಲ್ಲಿದೆ? ಓದುಗರ ಪ್ರಶ್ನೆ, ಹಳೇ ಸರ್ವೆಯರ್ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಮಾತು: ‘ನಮ್ಮ ಹೊಲ ಕಡಿಮೆ ಬಂದಿದೆ’. ಹೊಲ ಜಾಸ್ತಿ ಬಂದಿದೆ, ಏನು ಮಾಡಲಿ ಅಂತ ಕೇಳಿದವರು ಇದುವರೆಗೆ ಒಬ್ಬರೂ ಇಲ್ಲ! ಕಲಬುರಗಿ, ಬೀದರ್, ಯಾದಗಿರಿ ಕಡೆಯ ಹೊಲಗಳಲ್ಲಿ ನಾನು ಅಳತೆ ಮಾಡಿದ್ದು 33 ವರ್ಷ. ನಮ್ಮ ಸರಪಳಿಯ ಉದ್ದವೂ 33 ಅಡಿ. ನೌಕರಿ ಸೇರಿದಾಗ ಕೈಯಲ್ಲಿ ಆ ಸರಪಳಿ ಇತ್ತು, ನಿವೃತ್ತಿ ಹೊತ್ತಿಗೆ ಉಪಗ್ರಹ ನೋಡಿ ಅಳೆಯುವ ರೋವರ್ ಬಂದಿತ್ತು. ಜಗಳ ಮಾತ್ರ ಅದೇ: ಹದ್ದು, ಅಂದರೆ ಹೊಲದ ಗಡಿ, ಎಲ್ಲಿದೆ?

ಪ್ರಶ್ನೆ: ಪಹಣಿಯಲ್ಲಿ ನನ್ನ ಹೊಲ 4 ಎಕರೆ 20 ಗುಂಟೆ. ತಮ್ಮನ ಮಗ ಮೊಬೈಲ್ ಹಿಡಿದು ಹೊಲದ ಸುತ್ತ ನಡೆದು ನೋಡಿದರೆ 4 ಎಕರೆ 14 ಗುಂಟೆ ಬಂತು. ಮೂಡಣ ಬಾಜೂದವನು ಒತ್ತಿದ್ದಾನೆ ಅಂತ ಗುಮಾನಿ. ಆರು ಗುಂಟೆ ಹೇಗೆ ವಾಪಸ್ ಪಡೆಯಲಿ? (ರೈತರು, ಜೇವರ್ಗಿ ತಾಲೂಕು)

ಉತ್ತರ: ಗುಮಾನಿಯನ್ನು ಸ್ವಲ್ಪ ದಿನ ಅಟ್ಟದ ಮೇಲೆ ಇಡಿ. ಮೊದಲು ಲೆಕ್ಕ ನೋಡೋಣ.

ನಿಮ್ಮದು 180 ಗುಂಟೆ. ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲದ ಜಾಗ, 1,089 ಚದರ ಅಡಿ. ಹೊಲ ಚೌಕವಾಗಿದೆ ಅಂದುಕೊಂಡರೆ ಒಂದೊಂದು ಮಗ್ಗಲು ಸುಮಾರು 443 ಅಡಿ. ಮಾಮೂಲಿ ಮೊಬೈಲ್‌ನ ಜಿಪಿಎಸ್ ಬಟಾ ಬಯಲಿನಲ್ಲೂ ನಾಲ್ಕೈದು ಮೀಟರ್ ಆಚೀಚೆ ತೋರಿಸುತ್ತದೆ. ಐದು ಮೀಟರ್ ಅಂದರೆ 16 ಅಡಿ. ಒಂದೇ ಮಗ್ಗಲಲ್ಲಿ 16 ಅಡಿ ಒಳಗೆ ಸರಿದರೂ ಆರೂವರೆ ಗುಂಟೆ ಹೋಯಿತು. ನಿಮ್ಮ ಆರು ಗುಂಟೆ ಬಾಜೂದವನ ಹತ್ತಿರ ಇಲ್ಲದೆ ಮೊಬೈಲ್ ಒಳಗೇ ಕೂತಿರಬಹುದು.

ಎರಡನೆಯದು, ಪಹಣಿಯ 3ನೇ ಕಾಲಂ ಓದಿ. ಜನ ಮೇಲಿನ ಒಟ್ಟು ಅಂಕಿ ನೋಡಿ ಪಹಣಿ ಮಡಚಿ ಕಿಸೆಗೆ ಇಡುತ್ತಾರೆ. ಅದರ ಕೆಳಗೆ ಖರಾಬ್ ಅಂತ ಇರುತ್ತದೆ. ಅದರಲ್ಲಿ ಎರಡು ಜಾತಿ. ‘ಎ’ ಖರಾಬ್ ಅಂದರೆ ಕಲ್ಲು, ಗುಂಡಿ, ಬಾವಿಯ ಸುತ್ತಿನ ಜಾಗದಂಥದ್ದು. ಬೆಳೆ ಬರೋದಿಲ್ಲ, ಆದರೆ ನಿಮ್ಮ ಹೊಲದ ಭಾಗವೇ. ‘ಬಿ’ ಖರಾಬ್ ಅಂದರೆ ಹಳ್ಳ, ದಾರಿ, ಮಸಣದಂಥ ಸಾರ್ವಜನಿಕ ಜಾಗ. ನಿಮ್ಮ ಸರ್ವೆ ನಂಬರ್ ಒಳಗೆ ಇದ್ದರೂ ನಿಮ್ಮದಲ್ಲ. ಹೊಲದಂಚಿಗೆ ಹಳ್ಳ ಇದ್ದು, ಮೊಬೈಲ್ ಹಿಡಿದ ಹುಡುಗ ಹಳ್ಳದ ಈಚೆ ದಡದಲ್ಲೇ ನಡೆದಿದ್ದರೆ ಅಲ್ಲೇ ನಾಲ್ಕೈದು ಗುಂಟೆ ಉಳಿದುಬಿಡುತ್ತದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಪಹಣಿ ನಿಮಗೆ ಎಷ್ಟು ಹೊಲ ಇದೆ ಅಂತ ಹೇಳುತ್ತದೆ. ಅದು ಎಲ್ಲಿ ಇದೆ ಅಂತ ಹೇಳೋದಿಲ್ಲ. ಅದನ್ನು ಹೇಳುವ ಕಾಗದದ ಹೆಸರು ಟಿಪ್ಪಣಿ. ನಿಮ್ಮ ತಾತನೋ ಮುತ್ತಾತನೋ ಇದ್ದಾಗ ಸರ್ವೆಯವರು ಹೊಲದಲ್ಲಿ ನಿಂತು ಕೈಯಿಂದ ಬರೆದ ಅಳತೆ ಚಿತ್ರ ಅದು. ಸರ್ವೆ ಕಚೇರಿಯಲ್ಲಿ ನಕಲು ಸಿಗುತ್ತದೆ. ತಂದು ನೋಡಿ. ನಡುವೆ ಒಂದು ಉದ್ದ ಗೆರೆ ಇರುತ್ತದೆ, ಅದು ಬೇಸ್‌ಲೈನ್. ಆ ಗೆರೆಯಿಂದ ಮೂಲೆಮೂಲೆಗೆ ನೆಟ್ಟಗೆ ಹೊರಟ ಅಡ್ಡ ಗೆರೆಗಳು ಆಫ್‌ಸೆಟ್. ಪಕ್ಕದಲ್ಲಿ ಸಣ್ಣ ಅಂಕಿಗಳು. ಅವು ಅಡಿಯಲ್ಲಿ ಇರೋದಿಲ್ಲ, ಸರಪಳಿ ಮತ್ತು ಆಣೆಯಲ್ಲಿ ಇರುತ್ತವೆ. 16 ಆಣೆಗೆ ಒಂದು ಸರಪಳಿ, ಹಳೆಯ ರೂಪಾಯಿಯ ಹಾಗೆ. ಒಂದು ಆಣೆ ಎರಡು ಅಡಿಗಿಂತ ಮುಕ್ಕಾಲು ಇಂಚು ಜಾಸ್ತಿ.

ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ಬೇಸ್‌ಲೈನ್ 12 ಸರಪಳಿ 8 ಆಣೆ, ಅಂದರೆ ಹನ್ನೆರಡೂವರೆ. ಮೂಲೆಗೆ ಆಫ್‌ಸೆಟ್ 6 ಸರಪಳಿ. ತ್ರಿಕೋನ ಆದ್ದರಿಂದ ಗುಣಿಸಿ ಅರ್ಧ ಮಾಡಬೇಕು. ಹನ್ನೆರಡೂವರೆ ಆರಲೆ ಎಪ್ಪತ್ತೈದು, ಅದರ ಅರ್ಧ ಮೂವತ್ತೇಳೂವರೆ. ಆ ತುಂಡು 37 ಗುಂಟೆ 8 ಆಣೆ. ಮುಗಿಯಿತು. ಒಂದು ಸರಪಳಿ ಚೌಕ ಅಂದರೇ ಒಂದು ಗುಂಟೆ ಆಗುವಂತೆ ಸರಪಳಿಯನ್ನೇ ಮಾಡಿಟ್ಟಿದ್ದಾರೆ. ಅದಕ್ಕೇ ಓದು ಬರದ ಸರಪಳಿ ಆಳುಗಳೂ ಬಾಯಲ್ಲೇ ಗುಂಟೆ ಹೇಳುತ್ತಿದ್ದರು. ಕಾಗದ ಪೆನ್ಸಿಲ್ ಹಿಡಿದ ನಾನು ಹಿಂದೆ ಬೀಳುತ್ತಿದ್ದೆ.

ನಿಮ್ಮ ಟಿಪ್ಪಣಿಯ ತ್ರಿಕೋನಗಳನ್ನೆಲ್ಲ ಹೀಗೆ ಕೂಡಿಸಿ. 180 ಗುಂಟೆಯ ಹತ್ತಿರ ಬಂದರೆ ಹೊಲ ಇದೆ, ಹುಡುಕಬೇಕು ಅಷ್ಟೇ. ಟಿಪ್ಪಣಿಯೇ 174 ಅಂದರೆ ತಪ್ಪು ಪಹಣಿಯದು. ಆಗ ಆಕಾರಬಂದ್ ಜೊತೆ ತಾಳೆ ಹಾಕಿ ನೋಡಬೇಕು. ಒಂದೊಂದು ಸರ್ವೆ ನಂಬರಿನ ಮೂಲ ವಿಸ್ತೀರ್ಣ, ಖರಾಬ್, ಆಕಾರ (ಅಂದರೆ ಕಂದಾಯ) ಎಲ್ಲ ಬರೆದಿಟ್ಟ ಪುಸ್ತಕ ಅದು. ಒಂದೇ ನಂಬರಿನ ಎಲ್ಲ ಪಹಣಿದಾರರ ಹೊಲ ಕೂಡಿಸಿದರೆ ಆಕಾರಬಂದ್‌ಗಿಂತ ಜಾಸ್ತಿ ಬರುವ ಊರುಗಳು ನಮ್ಮ ಕಡೆ ಬೇಕಾದಷ್ಟಿವೆ. ಕಾಗದದಲ್ಲಿ ಹೊಲ ಮರಿ ಹಾಕುತ್ತದೆ. ನೆಲದಲ್ಲಿ ಹಾಕೋದಿಲ್ಲ.

ಇಷ್ಟೆಲ್ಲ ಆದ ಮೇಲೂ ಬಾಜೂದವನು ಒತ್ತಿರಲಿಕ್ಕೂ ಸಾಕು. ಅದೂ ಲೆಕ್ಕಕ್ಕೆ ಸಿಗುತ್ತದೆ. ನಿಮ್ಮಿಬ್ಬರ ನಡುವಿನ ಒಡ್ಡು 443 ಅಡಿ ಅಂತಿಟ್ಟುಕೊಂಡರೆ, ಆರು ಗುಂಟೆ ಹೋಗಬೇಕಾದರೆ ಒಡ್ಡು ಉದ್ದಕ್ಕೂ ಸುಮಾರು 15 ಅಡಿ ನಿಮ್ಮ ಕಡೆ ಸರಿದಿರಬೇಕು. ಒಂದೇ ವರ್ಷದಲ್ಲಿ ಹದಿನೈದು ಅಡಿ ಒತ್ತಿದರೆ ಯಾರಿಗಾದರೂ ಕಾಣುತ್ತದೆ. ವರ್ಷಕ್ಕೆ ಅರ್ಧ ಅಡಿಯಂತೆ ಮೂವತ್ತು ವರ್ಷ ಒತ್ತಿದರೆ ಯಾರಿಗೂ ಕಾಣೋದಿಲ್ಲ. ಕುಂಟೆ ತಿರುಗಿಸುವಾಗ ಒಂದು ಸಾಲು, ಅಷ್ಟೇ. ನಮ್ಮ ಕರಿ ನೆಲ ಬೇರೆ, ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ನೆಟ್ಟ ಕಲ್ಲನ್ನು ಮೊದಲು ಓರೆ ಮಾಡುತ್ತದೆ, ಆಮೇಲೆ ನುಂಗುತ್ತದೆ.

ಆ ನುಂಗಿದ ಕಲ್ಲಿನಿಂದಲೇ ನನ್ನ ಮಾನ ಹೋಗಿದ್ದು. ನೌಕರಿಯ ಎರಡನೇ ವರ್ಷ. ಸೇಡಂ ತಾಲೂಕಿನ ಒಂದು ಹಳ್ಳಿ. ಅರ್ಜಿ ಹಾಕಿದ ರೈತ ಒಂದು ಕಲ್ಲು ತೋರಿಸಿ ‘ಇದೇ ಹದ್ದಿನ ಕಲ್ಲು ಸಾಹೇಬ್ರೆ’ ಅಂದ. ಕಲ್ಲು ಚೆನ್ನಾಗಿತ್ತು, ನೆಟ್ಟಗಿತ್ತು. ನಾನು ಅಲ್ಲಿಂದಲೇ ಸರಪಳಿ ಹಿಡಿಸಿದೆ. ಮಧ್ಯಾಹ್ನದ ಹೊತ್ತಿಗೆ ಪಕ್ಕದವರ ಹೊಲದಲ್ಲಿ ಒಂಬತ್ತು ಗುಂಟೆ ಒಳಗೆ ಕೆಂಪು ಬಾವುಟ ನೆಟ್ಟಿದ್ದೆ. ಪಕ್ಕದ ಹೊಲದ ಮುದುಕಿ ಜೋಳದ ರೊಟ್ಟಿ ಬುತ್ತಿ ತಲೆ ಮೇಲೆ ಹೊತ್ತು ಬಂದಳು. ಬಾವುಟ ನೋಡಿದಳು, ಕಲ್ಲು ನೋಡಿದಳು, ನನ್ನನ್ನು ನೋಡಿದಳು. ‘ತಮ್ಮಾ, ಅದು ನಮ್ಮ ಎಮ್ಮಿ ಕಟ್ಟೋ ಕಲ್ಲು. ನನ್ನ ಗಂಡ ಬಾವಿ ಕಡಿಂದ ಉಳ್ಳಿಸ್ಕೊಂಡು ಬಂದದ್ದು’ ಅಂದಳು.

ಸರಪಳಿ ಆಳು ಮುಖ ಆ ಕಡೆ ತಿರುಗಿಸಿ ನಕ್ಕ. ನಾನು ಟಿಪ್ಪಣಿ ಮತ್ತೆ ಬಿಚ್ಚಿದೆ. ಯಾವ ಕಲ್ಲನ್ನಾದರೂ ನಂಬುವ ಮೊದಲು ಬೇರೆ ಎರಡು ಕಲ್ಲುಗಳಿಂದ ಅದಕ್ಕೆ ಎಷ್ಟು ದೂರ ಅಂತ ಅಳೆದು ನೋಡಬೇಕು. ತರಬೇತಿಯಲ್ಲಿ ಇದನ್ನೇ ಬಾಯಿಪಾಠ ಮಾಡಿಸಿದ್ದರು. ಅಳೆದೆ. ಎಮ್ಮೆ ಕಲ್ಲು ಒಂದೂವರೆ ಸರಪಳಿ ತಪ್ಪಾಗಿತ್ತು. ಲೆಕ್ಕ ತೋರಿಸಿದ ಜಾಗದಲ್ಲಿ ಬರೀ ಸಾಲು, ಕಲ್ಲಿಲ್ಲ. ಹಾರೆಯಿಂದ ಗೇಣು ಗೇಣಿಗೆ ಚುಚ್ಚುತ್ತಾ ಹೋದೆವು. ಎರಡು ಅಡಿ ಆಳದಲ್ಲಿ ಹಾರೆ ‘ಟಣ್’ ಅಂತು. ಆ ಮೇಲೆ ನಾನು ಎಲ್ಲ ಬಾವುಟ ಕಿತ್ತು ಮತ್ತೆ ಅಳೆದೆ. ಮುದುಕಿ ಅರ್ಧ ರೊಟ್ಟಿ, ಪುಂಡಿಪಲ್ಯ ಕೊಟ್ಟಳು. ತಿಂದೆ.

ಆದ್ದರಿಂದ ನೀವು ಮಾಡಬೇಕಾದ್ದು ಇಷ್ಟು. ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸಿಕೊಡಲು, ಅರ್ಜಿ ಕೊಡಿ, ನಾಡಕಚೇರಿಯಲ್ಲೇ ತೆಗೆದುಕೊಳ್ಳುತ್ತಾರೆ. ಬಾಜೂದವರಿಗೆಲ್ಲ ನೋಟಿಸ್ ಹೋಗುತ್ತದೆ. ಸರ್ವೆಯರ್ ಬಂದು ಹದ್ದು ತೋರಿಸುತ್ತಾರೆ, ಪಂಚನಾಮೆ ಬರೆಯುತ್ತಾರೆ, ನಕ್ಷೆ ಕೊಡುತ್ತಾರೆ. ಅಳತೆ ಒಪ್ಪದಿದ್ದರೆ ಮೇಲಿನ ಅಧಿಕಾರಿಗೆ ಮೇಲ್ಮನವಿ ಹೋಗಬಹುದು. ಒಂದು ಮಾತು ಮಾತ್ರ ತಿಳಿದಿರಲಿ. ಸರ್ವೆಯರ್ ಹದ್ದು ತೋರಿಸುತ್ತಾರೆಯೇ ಹೊರತು ಬಾಜೂದವನನ್ನು ಎಬ್ಬಿಸಿ ಹೊಲ ಬಿಡಿಸಿ ಕೊಡೋದಿಲ್ಲ. ಅವನು ಬಿಡದಿದ್ದರೆ ಸಿವಿಲ್ ಕೋರ್ಟೇ ಗತಿ. ಅಳತೆಯ ಹಿಂದಿನ ದಿನ ಅವನ ಮನೆಗೆ ಹೋಗಿ ಚಹಾ ಕುಡಿದು ‘ನಾಳೆ ನೀನೂ ಬಾ, ಟೇಪಿನ ಒಂದು ತುದಿ ನೀನೇ ಹಿಡಿ’ ಅನ್ನಿ. ಟೇಪು ಹಿಡಿದವನು ಸುಳ್ಳು ಅಳತೆ ಅನ್ನೋದು ಕಡಿಮೆ.

ಪ್ರಶ್ನೆ: ದಿಶಾಂಕ್ ಆ್ಯಪ್‌ನಲ್ಲಿ ನಮ್ಮ ಮನೆ ಪಕ್ಕದವರ ಸರ್ವೆ ನಂಬರ್‌ನಲ್ಲಿ ತೋರಿಸುತ್ತಿದೆ. ಮನೆ ಕೆಡವಬೇಕಾ? (ಯಾದಗಿರಿ)

ಉತ್ತರ: ಬೇಡ, ಸಮಾಧಾನ! ನೀವು ನಿಂತ ಜಾಗ ಯಾವ ಸರ್ವೆ ನಂಬರ್ ಅಂತ ಅಂದಾಜು ತಿಳಿಯಲು ಅದು ಬಹಳ ಒಳ್ಳೆಯ ಆ್ಯಪ್. ಜಮೀನು ಕೊಳ್ಳುವವರು ಮೊದಲು ಅದನ್ನೇ ನೋಡಲಿ. ಆದರೆ ಅದರಲ್ಲಿರೋದು ಹಳೆಯ ಗ್ರಾಮ ನಕ್ಷೆಯ ಗೆರೆಗಳು. ಆ ನಕ್ಷೆಗಳಲ್ಲಿ ಹೆಚ್ಚಿನವು ಒಂದು ಮೈಲಿಗೆ ಎಂಟು ಇಂಚಿನ ಅಳತೆಯವು, ಅಂದರೆ ನಕ್ಷೆಯ ಒಂದು ಇಂಚು ನೆಲದ ಮೇಲೆ 660 ಅಡಿ. ಗೆರೆ ಅರ್ಧ ಮಿಲಿಮೀಟರ್ ದಪ್ಪ ಇದ್ದರೆ ನೆಲದಲ್ಲಿ ಆ ಗೆರೆಯೇ 13 ಅಡಿ ಅಗಲ. ಅದರ ಮೇಲೆ ಮೊಬೈಲಿನ ತಪ್ಪು ಬೇರೆ. ನಿಮ್ಮ ಅಡುಗೆಮನೆ ಆ ಗೆರೆಯೊಳಗೇ ಇರಬಹುದು.

ಪ್ರಶ್ನೆ: ಅಜ್ಜನ ಟ್ರಂಕಿನಲ್ಲಿ ಉರ್ದು ಕಾಗದ ಸಿಕ್ಕಿದೆ. ಹೊಲದ್ದು ಅಂತ ಮನೆಯವರು ಹೇಳುತ್ತಾರೆ. ಓದಲು ಬರೋದಿಲ್ಲ. ಇದಕ್ಕೆ ಈಗ ಬೆಲೆ ಇದೆಯಾ? (ಗೃಹಿಣಿ, ಭಾಲ್ಕಿ)

ಉತ್ತರ: ಬೆಲೆ ಇದೆ, ಜೋಪಾನ ಮಾಡಿ. ಲ್ಯಾಮಿನೇಷನ್ ಮಾಡಿಸಬೇಡಿ, ಹಳೆಯ ಕಾಗದ ಒಳಗೇ ಹಾಳಾಗುತ್ತದೆ. ಪ್ಲಾಸ್ಟಿಕ್ ಫೈಲಿನಲ್ಲಿ ಬಿಡಿಯಾಗಿ ಇಡಿ, ಫೋಟೋ ತೆಗೆದಿಟ್ಟುಕೊಳ್ಳಿ.

ನಮ್ಮ ಮೂರೂ ಜಿಲ್ಲೆ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿ ಇದ್ದವು, 1948ರ ಸೆಪ್ಟೆಂಬರ್‌ವರೆಗೆ. ಕಚೇರಿ ಭಾಷೆ ಉರ್ದು. ಆದ್ದರಿಂದ ಮೈಸೂರು ಕಡೆಯವರಿಗೆ ಇಲ್ಲದ ಒಂದು ತಾಪತ್ರಯ ನಮಗಿದೆ: ನಮ್ಮ ಹೊಲದ ಹುಟ್ಟಿನ ಚೀಟಿ ನಮಗೇ ಓದಲು ಬರೋದಿಲ್ಲ. ನಾನು ಸೇರಿದಾಗ ಕಚೇರಿಯಲ್ಲಿ ಉರ್ದು ಬಲ್ಲ ಒಬ್ಬ ಹಿರಿಯರಿದ್ದರು. ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿದ ಮೇಲೆ ಹದಿನೈದು ನಿಮಿಷ ಕಲಿಸುತ್ತಿದ್ದರು. ಅವರು ಹೇಳಿಕೊಟ್ಟದ್ದರಲ್ಲಿ ನಿಮಗೆ ಬೇಕಾದಷ್ಟು ಹೇಳುತ್ತೇನೆ.

ಇಸವಿ: ಕಾಗದದ ಮೇಲೆ 1340 ಅಂತ ಇದ್ದರೆ ಬೆಚ್ಚಬೇಡಿ, ನಿಮ್ಮ ಅಜ್ಜ ತುಘಲಕ್ ಸುಲ್ತಾನರ ಕಾಲದವರಲ್ಲ. ಅದು ಫಸಲಿ, ಅಂದರೆ ಕಂದಾಯ ಲೆಕ್ಕದ ವರ್ಷ. 590 ಕೂಡಿಸಿ, ಸುಮಾರು 1930 ಆಯಿತು.

ಚಕ್ಕುಬಂದಿ (ಹೊಲದ ನಾಲ್ಕು ಕಡೆಯ ಗಡಿ): ಮಶ್ರಿಕ್ ಅಂದರೆ ಪೂರ್ವ, ಮಗ್ರಿಬ್ ಪಶ್ಚಿಮ, ಶುಮಾಲ್ ಉತ್ತರ, ಜುನೂಬ್ ದಕ್ಷಿಣ. ಓದಿ ಹೇಳುವವರ ಹತ್ತಿರ ಹೋದಾಗ ಈ ನಾಲ್ಕು ಮಾತು ಕಿವಿಗೆ ಬಿದ್ದರೆ ತಕ್ಷಣ ಬರೆದುಕೊಳ್ಳಿ, ಮುಂದೆ ಯಾರ ಹೊಲ, ಯಾವ ಹಳ್ಳ ಅಂತ ಇರುತ್ತದೆ.

ಅಂಕಿ: ಇಲ್ಲೇ ಜನ ಮೋಸ ಹೋಗೋದು. ಕೈಬರಹದ ಉರ್ದು ಐದು ನಮ್ಮ ಕನ್ನಡದ ಸೊನ್ನೆಯ ಹಾಗೆ ಕಾಣುತ್ತದೆ. ಉರ್ದು ಸೊನ್ನೆ ಬರೀ ಒಂದು ಚುಕ್ಕೆ. ಹೀಗಾಗಿ ಸರ್ವೆ ನಂಬರ್ 50 ಅಂತ ಬರೆದದ್ದು ಕನ್ನಡ ಓದಿದ ಕಣ್ಣಿಗೆ ಒಂದು ಸೊನ್ನೆ, ಪಕ್ಕದಲ್ಲೊಂದು ಮಸಿ ಹನಿ. ಒಂದು ಮನೆಯವರು ನಂಬರ್ ಇಲ್ಲದ ಕಾಗದ ಅಂತ ಮೂಲೆಗೆ ಎಸೆದಿದ್ದರು. ನಂಬರ್ 155 ಇತ್ತು. ಅವರಿಗೆ ಕಂಡದ್ದು ಒಂದು ಗೀಟು, ಎರಡು ಸೊನ್ನೆ.

ನಿಮ್ಮ ಕಾಗದದ ಮೇಲ್ಗಡೆ ‘ಸೇತ್ವಾರ್’ ಅಂತ ಇದ್ದರೆ ಅದು ಸರ್ವೆ ಆದಾಗ ಬರೆದ ಮೂಲ ದಾಖಲೆಯ ನಕಲು. ಅದಕ್ಕಿಂತ ಈಚಿನ 1954-55ರ ಖಾಸ್ರಾ ಪಹಣಿ ನಕಲನ್ನೂ ತಹಸೀಲ್ ಕಚೇರಿಯಲ್ಲಿ ಕೇಳಿ. ಎರಡೂ ಪಕ್ಕ ಪಕ್ಕ ಇಟ್ಟು ನೋಡಿದರೆ ಹೊಲ ಯಾರ ಕೈಯಿಂದ ಯಾರ ಕೈಗೆ ಬಂತು ಅಂತ ಎಷ್ಟೋ ತಿಳಿಯುತ್ತದೆ. ಭಾಷಾಂತರಕ್ಕೆ ಪರಿಚಯದವರ ಕೈಲಿ ಸುಮ್ನೆ ಓದಿಸಿ ಬಿಡಬೇಡಿ. ಕೋರ್ಟಿಗೆ ಬೇಕಾದರೆ ದೃಢೀಕರಿಸಿದ ಅನುವಾದವೇ ಬೇಕು.

ಪ್ರಶ್ನೆ: ನಾವು ಅಣ್ಣತಮ್ಮ ಇಬ್ಬರು. ಬಾಯಿಮಾತಿನಲ್ಲಿ ಪಾಲಾಗಿದೆ. ನನ್ನ ಪಾಲಿನಲ್ಲಿ ಒಂದು ಎಕರೆ ಮಾರಬೇಕು. ಪೋಡಿ (ಪಾಲಿನಂತೆ ಅಳೆದು ನಂಬರ್ ಬೇರೆ ಮಾಡೋದು) ಆಗಿಲ್ಲ. (ಚಿತ್ತಾಪುರ)

ಉತ್ತರ: 11ಇ ನಕ್ಷೆ ಇಲ್ಲದೆ ಸರ್ವೆ ನಂಬರಿನ ತುಂಡು ನೋಂದಣಿ ಆಗೋದಿಲ್ಲ. ಮಾರುವ ತುಂಡು ಯಾವುದು ಅಂತ ಅಳೆದು ಮೊದಲೇ ಬರೆದಿಡುವ ನಕ್ಷೆ ಅದು. ಇಲಾಖೆಯ ಪರವಾನಗಿ ಇರುವ ಸರ್ವೆಯರ್ ಅಳೆಯುತ್ತಾರೆ. ಅಣ್ಣನನ್ನು ಕರೆದುಕೊಂಡೇ ಅರ್ಜಿ ಹಾಕಿ. ಮಾರುವ ಮೊದಲು ಪಾಲನ್ನೇ ನೋಂದಣಿ ಮಾಡಿಸಿಕೊಳ್ಳೋದು ಇನ್ನೂ ಒಳ್ಳೆಯದು, ನಿಮ್ಮ ಮಕ್ಕಳ ಕಾಲಕ್ಕೆ ನನಗೆ ಮತ್ತೆ ಪತ್ರ ಬರೋದು ತಪ್ಪುತ್ತದೆ.

ಪ್ರಶ್ನೆ: ಭಾರತದ ನಕ್ಷೆ ಮಾಡುವಾಗ ಬೀದರ್ ಹತ್ತಿರ ಒಂದು ಗೆರೆ ಅಳೆದಿದ್ದರು ಎಂದು ಮೇಷ್ಟ್ರು ಹೇಳಿದರು. ಖರೇನಾ? ಒಂದು ಗೆರೆಯಿಂದ ದೇಶ ಹೇಗೆ ಅಳೆಯುತ್ತಾರೆ? (ಕಾಲೇಜು ವಿದ್ಯಾರ್ಥಿನಿ, ಬೀದರ್)

ಉತ್ತರ: ಖರೇ. ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಒಂದು ಗ್ಲಾಸ್ ಕಬ್ಬಿನ ಹಾಲು ಬಾಕಿ.

1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಬ್ರಿಟಿಷ್ ಸೇನೆಯ ಅಧಿಕಾರಿ ಮದ್ರಾಸಿನಲ್ಲಿ ಒಂದು ನೇರ ಗೆರೆ ಅಳೆದ. ಅಲ್ಲಿಂದ ದಕ್ಷಿಣ ಭಾರತದ ಉದ್ದಗಲಕ್ಕೂ ತ್ರಿಕೋನ ಹೆಣೆಯುತ್ತಾ ಹೊರಟ. ಉಪಾಯ ಸರಳ. ತ್ರಿಕೋನದ ಒಂದು ಮಗ್ಗಲು ಎಷ್ಟು ಉದ್ದ, ಕೋನಗಳು ಎಷ್ಟು ಅಂತ ಗೊತ್ತಾದರೆ ಉಳಿದ ಎರಡು ಮಗ್ಗಲು ಲೆಕ್ಕದಲ್ಲೇ ಬರುತ್ತವೆ. ಆ ಮಗ್ಗಲಿನ ಮೇಲೆ ಇನ್ನೊಂದು ತ್ರಿಕೋನ. ಅದರ ಮೇಲೆ ಮತ್ತೊಂದು. ನೆಲ ಅಳೆಯೋದು ಒಂದೇ ಸಲ, ಆಮೇಲೆ ಗುಡ್ಡದಿಂದ ಗುಡ್ಡಕ್ಕೆ ಥಿಯೋಡೊಲೈಟ್ ಇಟ್ಟು ಕೋನ ನೋಡುತ್ತಾ ಹೋಗೋದು. ಆ ಥಿಯೋಡೊಲೈಟ್ ಸುಮಾರು ಅರ್ಧ ಟನ್ ಭಾರ. ಅದನ್ನು 1808ರಲ್ಲಿ ತಂಜಾವೂರಿನ ಗೋಪುರದ ಮೇಲೆ ಏರಿಸುವಾಗ ಹಗ್ಗ ತುಂಡಾಗಿ ಗೋಡೆಗೆ ಬಡಿದು ಜಖಂ ಆಯಿತು. ಲ್ಯಾಂಬ್ಟನ್ ಡೇರೆ ಬಾಗಿಲು ಮುಚ್ಚಿ ವಾರಗಟ್ಟಲೆ ಕೂತು ಅದನ್ನು ತಾನೇ ರಿಪೇರಿ ಮಾಡಿದ.

ಆದರೆ ತ್ರಿಕೋನದ ಮೇಲೆ ತ್ರಿಕೋನ ಹೆಣೆಯುತ್ತಾ ಹೋದಂತೆ ಸಣ್ಣ ಸಣ್ಣ ತಪ್ಪುಗಳು ಕೂಡಿಕೊಳ್ಳುತ್ತವೆ. ಪಹಣಿಯಲ್ಲಿ ಗುಂಟೆ ಕೂಡಿಕೊಂಡ ಹಾಗೆಯೇ. ಅದಕ್ಕೆ ಅಲ್ಲಲ್ಲಿ ನಿಂತು ಮತ್ತೆ ನೆಲದ ಮೇಲೆ ನೇರ ಗೆರೆ ಅಳೆದು, ಲೆಕ್ಕ ಹೇಳಿದ ಉದ್ದವೂ ನೆಲ ಹೇಳಿದ ಉದ್ದವೂ ಒಂದೇನಾ ಅಂತ ನೋಡಬೇಕು. 1815ರಲ್ಲಿ ಲ್ಯಾಂಬ್ಟನ್ ಅಂಥ ಒಂದು ಗೆರೆ ಅಳೆದದ್ದು ಬೀದರ್ ಹತ್ತಿರ. ಅವನ ಉಕ್ಕಿನ ಸರಪಳಿ 100 ಅಡಿ, 40 ಕೊಂಡಿ, ಒಂದೊಂದು ಕೊಂಡಿ ಎರಡೂವರೆ ಅಡಿ. ನಾವು ಎಳೆದ ಹಾಗೆ ಅದನ್ನು ನೆಲದ ಮೇಲೆ ಎಳೆಯುತ್ತಿರಲಿಲ್ಲ. ಮರದ ತೊಟ್ಟಿಯಲ್ಲಿ ಮಲಗಿಸಿ, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು, ಬಿಸಿಲು ಬೀಳದಂತೆ ಡೇರೆ ಮುಚ್ಚಿ ಅಳೆಯುತ್ತಿದ್ದರು. ಉಕ್ಕು ಬಿಸಿಲಿಗೆ ಹಿಗ್ಗುತ್ತದಲ್ವಾ. ನಮ್ಮ ಕಡೆಯ ಏಪ್ರಿಲ್ ಬಿಸಿಲು ನಿಮಗೆ ಹೇಳಬೇಕಾಗಿಲ್ಲ.

ಮುಂದೆ 1841ರಲ್ಲಿ ಆಂಡ್ರ್ಯೂ ವಾ ಎಂಬ ಅಧಿಕಾರಿ ಬೀದರಿನ ಗೆರೆಯನ್ನು ಮತ್ತೆ ಅಳೆದ. ಈ ಸಲ ಸರಪಳಿ ಇಲ್ಲ, ಕಬ್ಬಿಣ ಹಿತ್ತಾಳೆ ಎರಡನ್ನೂ ಜೋಡಿಸಿದ ಹತ್ತು ಅಡಿಯ ಪಟ್ಟಿಗಳು. ಎರಡು ಲೋಹ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ. ಅದನ್ನೇ ಬಳಸಿಕೊಂಡು, ಬಿಸಿಲು ಏರಲಿ ಇಳಿಯಲಿ ತುದಿಯ ಎರಡು ಚುಕ್ಕೆಗಳ ನಡುವಿನ ದೂರ ಬದಲಾಗದಂತೆ ಮಾಡಿದ್ದರು. ಜಾಣತನಕ್ಕೆ ಏನೆನ್ನಬೇಕು! ಮುಂದೆ ಹಿಮಾಲಯದ ತುದಿಗೆ ತನ್ನ ಹಿಂದಿನ ಸಾಹೇಬ ಜಾರ್ಜ್ ಎವರೆಸ್ಟ್ ಹೆಸರಿಡಿಸಿದ್ದೂ ಇದೇ ವಾ. ಎವರೆಸ್ಟ್ ಸಾಹೇಬನಿಗೂ ನಿಜಾಮನ ಸೀಮೆ ಚೆನ್ನಾಗಿ ಗೊತ್ತಿತ್ತು, ಇಲ್ಲಿಯ ಕಾಡಿನಲ್ಲಿ ಜ್ವರ ಹಿಡಿದು ಚೇತರಿಸಿಕೊಳ್ಳಲು ದಕ್ಷಿಣ ಆಫ್ರಿಕಾಕ್ಕೆ ಹೋಗಬೇಕಾಯಿತು. ಲ್ಯಾಂಬ್ಟನ್ ಮಾತ್ರ ಊರಿಗೆ ಮರಳಲಿಲ್ಲ. 1823ರ ಜನವರಿಯಲ್ಲಿ ಮಹಾರಾಷ್ಟ್ರದ ಹಿಂಗಣಘಾಟದಲ್ಲಿ ತೀರಿಕೊಂಡ. ಕೆಲಸದ ಮೇಲೆ ಇದ್ದಾಗಲೇ.

ಒಂದು ಗೊಂದಲ ಬಿಡಿಸಿಬಿಡುತ್ತೇನೆ. ಈ ಕೆಲಸ ಸರ್ವೆ ಆಫ್ ಇಂಡಿಯಾದ್ದು. 1767ರಲ್ಲಿ ಶುರುವಾದ ಕೇಂದ್ರದ ಇಲಾಖೆ, ಮುಖ್ಯ ಕಚೇರಿ ಡೆಹ್ರಾಡೂನ್‌ನಲ್ಲಿ. ನದಿ, ಗುಡ್ಡ, ರಸ್ತೆ, ಊರು ತೋರಿಸುವ ನಕ್ಷೆ ಅವರದ್ದು. ಹೊಲದ ಸರ್ವೆ ನಂಬರ್, ಟಿಪ್ಪಣಿ, ಪೋಡಿ ರಾಜ್ಯದ ಭೂಮಾಪನ ಇಲಾಖೆಯದು, ಅಂದರೆ ನಮ್ಮದು. ಈಗ ಎರಡೂ ಹತ್ತಿರ ಬರುತ್ತಿವೆ. ನಮ್ಮ ಸರ್ವೆಯರ್ ಹೊಲದಲ್ಲಿ ಹಿಡಿಯುವ ರೋವರ್‌ಗೆ ದಾರಿ ತೋರಿಸೋದು ಸರ್ವೆ ಆಫ್ ಇಂಡಿಯಾ ನಿಲ್ಲಿಸಿದ ಕೋರ್ಸ್ (CORS) ಎಂಬ ನೆಲದ ಮೇಲಿನ ಕೇಂದ್ರಗಳು. ಅವು ಉಪಗ್ರಹದ ತಪ್ಪನ್ನು ಕ್ಷಣಕ್ಷಣಕ್ಕೂ ತಿದ್ದಿ ಕಳಿಸುತ್ತವೆ, ಮೀಟರ್ ತಪ್ಪು ಸೆಂಟಿಮೀಟರ್‌ಗೆ ಇಳಿಯುತ್ತದೆ. ಆದರೂ ಕಲ್ಲು ಎಲ್ಲಿತ್ತು ಅಂತ ರೋವರ್‌ಗೆ ಗೊತ್ತಿರೋದಿಲ್ಲ, ಹಾರೆ ಬೇಕೇ ಬೇಕು.

ಪ್ರಶ್ನೆ: ಶಾಲೆಯಲ್ಲಿ ಮಕ್ಕಳಿಗೆ ನಮ್ಮ ಊರಿನ ಟೋಪೋ ನಕ್ಷೆ ತೋರಿಸಬೇಕು. ಯಾವ ನಂಬರ್ ಕೇಳಬೇಕು? (ಶಿಕ್ಷಕರು, ಸೇಡಂ)

ಉತ್ತರ: ನಮ್ಮ ಮೂರೂ ಜಿಲ್ಲೆ ಹಳೆಯ ಲೆಕ್ಕದಲ್ಲಿ 56ನೇ ಹಾಳೆಯವು. ಅದರಲ್ಲಿ ಕಲಬುರಗಿ ನಗರ 56 ಸಿ, ಬೀದರ್ 56 ಜಿ, ಯಾದಗಿರಿ 56 ಎಚ್. ಸೇಡಂ ಕೂಡ 56 ಜಿ ಒಳಗೇ ಬರುತ್ತದೆ. ಒಂದೊಂದು ಅಕ್ಷರದೊಳಗೆ ಮತ್ತೆ 16 ಹಾಳೆ, 50 ಸಾವಿರಕ್ಕೆ ಒಂದರ ಅಳತೆ, ಒಂದು ಸೆಂಟಿಮೀಟರ್‌ಗೆ ಅರ್ಧ ಕಿಲೋಮೀಟರ್. ಈಗ ಹೊಸ ಸರಣಿಯ ನಕ್ಷೆಗಳಿಗೆ ಬೇರೆ ನಂಬರ್ ಇದೆ. ಸರ್ವೆ ಆಫ್ ಇಂಡಿಯಾದ ಜಾಲತಾಣದಲ್ಲಿ ಹುಡುಕಿ. ಮಕ್ಕಳಿಗೆ ಮೊದಲು ಕಾಗಿಣಾ ನದಿ ಹುಡುಕಲು ಹೇಳಿ, ಊರು ತಾನೇ ಸಿಗುತ್ತದೆ.

ಪ್ರಶ್ನೆ: ಹೊಲಕ್ಕೆ ಹೋಗುವ ಬಂಡಿ ದಾರಿಗೆ ಮುಂದಿನ ಹೊಲದವರು ಮುಳ್ಳುಬೇಲಿ ಹಾಕಿದ್ದಾರೆ. ತೊಗರಿ ರಾಶಿ ಹೊರಗೆ ತರೋದು ಹೇಗೆ? (ಆಳಂದ)

ಉತ್ತರ: ಗ್ರಾಮ ನಕ್ಷೆಯ ನಕಲು ತನ್ನಿ. ಚುಕ್ಕೆ ಗೆರೆ ಜೋಡಿಯಾಗಿ ಹೋಗಿದ್ದರೆ ಬಂಡಿ ದಾರಿ, ಒಂಟಿಯಾಗಿ ಹೋಗಿದ್ದರೆ ಕಾಲುದಾರಿ. ನಕ್ಷೆಯಲ್ಲಿ ಬಂಡಿ ದಾರಿ ಇದ್ದರೆ ಅದು ಯಾರ ಅಪ್ಪನದ್ದೂ ಅಲ್ಲ, ತೆರವು ಮಾಡಿಸಿ ಅಂತ ತಹಸೀಲ್ದಾರರಿಗೆ ಅರ್ಜಿ ಕೊಡಿ, ನಕ್ಷೆ ಲಗತ್ತಿಸಿ. ನಕ್ಷೆಯಲ್ಲಿ ಇಲ್ಲದೆ ರೂಢಿಯಿಂದ ಬಂದ ದಾರಿಯಾದರೆ ಕಷ್ಟ. 1882ರ ಈಸ್‌ಮೆಂಟ್ ಕಾಯ್ದೆಯ ಪ್ರಕಾರ 20 ವರ್ಷ ತಡೆಯಿಲ್ಲದೆ ಹಕ್ಕಿನಿಂದ ಓಡಾಡಿದ್ದೀರಿ ಅಂತ ಸಿವಿಲ್ ಕೋರ್ಟಿನಲ್ಲಿ ತೋರಿಸಬೇಕು. ಕೋರ್ಟು ತೀರ್ಪು ಕೊಡುವಷ್ಟರಲ್ಲಿ ತೊಗರಿ ಹುಳ ಹಿಡಿದಿರುತ್ತದೆ. ಈ ವರ್ಷಕ್ಕೆ ಊರಿನ ಹಿರಿಯರನ್ನು ಕೂಡಿಸಿ ರಾಶಿ ದಾಟಿಸಿಕೊಳ್ಳಿ.

ಪ್ರಶ್ನೆ: ಊರೊಳಗೆ ಸುಣ್ಣದ ಗೆರೆ ಹಾಕಿ ಡ್ರೋನ್ ಹಾರಿಸಿದರು. ನಮ್ಮ ಮನೆ ಹಿತ್ತಲಿನ ಗೆರೆ ಪಕ್ಕದವರು ಕಾಲಿಂದ ಅಳಿಸಿ ಈಚೆ ಹಾಕಿದ್ದರು. ಡ್ರೋನ್‌ಗೆ ಗೊತ್ತಾಗುತ್ತದಾ? (ಸುರಪುರ ತಾಲೂಕು)

ಉತ್ತರ: ಗೊತ್ತಾಗೋದಿಲ್ಲ. ಡ್ರೋನ್ ಮೇಲಿನಿಂದ ನೋಡೋದು ಸುಣ್ಣ ಮಾತ್ರ, ಹಾಕಿದವರ ಕಾಲು ಕಾಣೋದಿಲ್ಲ. 2020ರ ಏಪ್ರಿಲ್ 24ರಂದು ಶುರುವಾದ ಸ್ವಾಮಿತ್ವ ಯೋಜನೆಯ ಸರ್ವೆ ಅದು, ಗಾಂವಠಾಣದ, ಅಂದರೆ ಊರೊಳಗಿನ, ಮನೆ ಜಾಗಗಳಿಗೆ. ಹೊಲಕ್ಕೆ ಸಂಬಂಧ ಇಲ್ಲ. ಚಿತ್ರದಿಂದ ನಕ್ಷೆ ಮಾಡಿದ ಮೇಲೆ ಕರಡನ್ನು ಊರಲ್ಲಿ ತೋರಿಸಿ ತಕರಾರು ಕೇಳುತ್ತಾರೆ. ಆ ದಿನ ತಪ್ಪಿಸಬೇಡಿ. ಪಂಚಾಯಿತಿಗೆ ಈಗಲೇ ಒಂದು ಅರ್ಜಿ ಬರೆದು ಸ್ವೀಕೃತಿ ಪಡೆದಿಡಿ. ಹಿತ್ತಲಿನ ಹಳೆಯ ಗೋಡೆಯ ಬುನಾದಿ ಕಲ್ಲು ಇದ್ದರೆ ಫೋಟೋ ತೆಗೆಯಿರಿ.

ಪ್ರಶ್ನೆ: ಹದ್ದುಬಸ್ತಿಗೆ ಅರ್ಜಿ ಹಾಕಬೇಕೆಂದಿದ್ದೇನೆ. ಯಾವಾಗ ಹಾಕಲಿ? ಸರ್ವೆಯರ್ ಬಂದಾಗ ಏನೇನು ತಯಾರಿ ಇರಬೇಕು? (ಶಹಾಪುರ)

ಉತ್ತರ: ತೊಗರಿ ಎದೆಯೆತ್ತರ ನಿಂತಾಗ ಕರೆಸಬೇಡಿ. ಈ ಕಲ್ಲಿನಿಂದ ಆ ಕಲ್ಲು ಕಾಣಬೇಕು. ಬೆಳೆ ತುಳಿದರೆ ಬಾಜೂದವನು ಅಲ್ಲೇ ಜಗಳ ತೆಗೆಯುತ್ತಾನೆ. ಮಳೆಗಾಲದಲ್ಲಂತೂ ಬೇಡವೇ ಬೇಡ, ಕರಿ ಮಣ್ಣು ಬೂಟಿಗೆ ಎರಡೆರಡು ಕಿಲೋ ಮೆತ್ತಿ ಸರ್ವೆಯರ್‌ಗೆ ನಡೆಯಲಿಕ್ಕೇ ಆಗೋದಿಲ್ಲ. ರಾಶಿ ಮುಗಿದ ಮೇಲೆ, ಫೆಬ್ರುವರಿ ಮಾರ್ಚ್ ಒಳ್ಳೆಯ ಕಾಲ. ಆ ಲೆಕ್ಕ ಹಾಕಿ ಅರ್ಜಿ ಮೊದಲೇ ಕೊಡಿ, ಸರದಿ ಬರಲು ದಿನ ಹಿಡಿಯುತ್ತದೆ.

ಟಿಪ್ಪಣಿ ನಕಲು ನಿಮ್ಮ ಹತ್ತಿರವೂ ಒಂದು ಇರಲಿ. ಊರಿನಲ್ಲಿ ಹಳೆಯ ಕಲ್ಲು ನೋಡಿದ ಹಿರಿಯರು ಯಾರಾದರೂ ಇದ್ದರೆ ಬಿಸಿಲು ಏರುವ ಮೊದಲು ಕರೆದುಕೊಂಡು ಬನ್ನಿ, ಕೂರಲು ಒಂದು ಗೋಣಿಚೀಲ ಹಾಸಿ. ಹಾರೆ ಒಂದು, ಗುದ್ದಲಿ ಒಂದು. ಹೊಸದಾಗಿ ನೆಡಲು ಶಹಾಬಾದಿ ಕಲ್ಲು ನಾಲ್ಕೈದು, ಮೂರು ಅಡಿಗಿಂತ ಗಿಡ್ಡ ಬೇಡ, ಎರಡು ಅಡಿ ನೆಲದೊಳಗೆ ಹೋಗಬೇಕು. ನೆಟ್ಟ ದಿನವೇ ಸುಣ್ಣ ಬಳಿದು, ಎಲ್ಲ ಬಾಜೂದವರನ್ನು ಪಕ್ಕದಲ್ಲಿ ನಿಲ್ಲಿಸಿ ಫೋಟೋ ತೆಗೆಯಿರಿ. ಆ ಕಲ್ಲಿಗೆ ಎಮ್ಮೆ ಕಟ್ಟಬೇಡಿ.